ಎರಡು ಗುಲಗಂಜಿ ತೂಕದ ತಪ್ಪು

(ಬಳ್ಳಾರಿಯಲ್ಲಿ ಗಣಿ ಕಾರ್ಮಿಕರು, ಎನ್‌ಸಿಸಿ ಕೆಡೆಟ್‌ಗಳು ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಮೂವತ್ತು ವರ್ಷ ಗಣಿತ ಪಾಠ ಮಾಡಿದವನು. ಕುರುಗೋಡಿನ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ರಜೆಯ ದಿನ ಗುರಿ ಹೊಡೆಯುವ ಸ್ಪರ್ಧೆಗೆ ಹೋಗುವುದು ಅವನ ಹವ್ಯಾಸ. ಒಂದು ರಾತ್ರಿ ವಾಟ್ಸಾಪ್‌ನಲ್ಲಿ, ಹೊಡೆದ ತೋಟಾಗಳಿಗೆ ಮತ್ತೆ ಮದ್ದು ತುಂಬುವವರ ಕೈಪಿಡಿಯಿಂದ ಒಂದು ಪುಟದ ಫೋಟೊ ಕಳಿಸಿ, "ಸರ್, ಇದರಾಗ ಒಂದು ಸಾಲು ಯಾಕೋ ಸರಿ ಕಾಣವಲ್ದು. ನೀವೊಮ್ಮೆ ನೋಡ್ರಿ" ಅಂದ. ಬಂದೂಕಿನ ವಿಷಯ ನನಗೆ ಅಷ್ಟಾಗಿ ಗೊತ್ತಿರಲಿಲ್ಲ. ಆದರೆ ಪುಟದ ತುಂಬ ಇದ್ದದ್ದು ಅಂಕಿಗಳು. ಅಂಕಿಗಳ ಜೊತೆ ನನಗೆ ಹಳೆಯ ಸಲುಗೆ ಇದೆ. ಅವತ್ತು ಕೂತವನು ಬೆಳಗಿನ ಜಾವದವರೆಗೆ ಏಳಲಿಲ್ಲ. ಇವತ್ತು ನಿಮ್ಮ ಮುಂದೆ ಇಡುವುದು ಆ ರಾತ್ರಿಯ ಕೆಲಸವನ್ನೇ.

ಮೊದಲು ಒಂದು ಮಾತು ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ನಾನು ತೋಟಾ ತುಂಬುವುದನ್ನು ಕಲಿಸಲು ಬಂದಿಲ್ಲ. ಬೋರ್ಡಿನ ಮೇಲೆ ಬರೆಯುವ ತೂಕಗಳು ಆ ಪುಟದ ನಿಜವಾದ ತೂಕಗಳೂ ಅಲ್ಲ. ಲೆಕ್ಕದ ಗುಣ ಉಳಿಯುವ ಹಾಗೆ ಬದಲಿಸಿದ್ದೇನೆ, ಮದ್ದಿನ ಹೆಸರನ್ನೂ ಬಿಟ್ಟಿದ್ದೇನೆ. ಯಾರೂ ಇವನ್ನು ಎಲ್ಲಿಗೂ ಒಯ್ಯಬೇಡಿ.

ಅಲ್ಲಿನವರು ಮಾಡುವುದು ಇಷ್ಟು. ತೋಟಾ ಅಂದರೆ ನಾಲ್ಕು ವಸ್ತು: ಹಿತ್ತಾಳೆಯ ಕೇಸ್, ಅದರ ಬುಡದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಡೆದ ಮೇಲೆ ಹಿತ್ತಾಳೆ ಉಳಿಯುತ್ತದೆ. ಅದನ್ನು ಶುಚಿ ಮಾಡಿ, ಅಳತೆಗೆ ತಂದು, ಹೊಸ ಪ್ರೈಮರ್, ಮದ್ದು, ಗುಂಡು ಹಾಕಿ ಮತ್ತೆ ಬಳಸುತ್ತಾರೆ. ಮದ್ದು ಎಷ್ಟು ಹಾಕಬೇಕು ಎಂದು ಹೇಳಲು ಕೈಪಿಡಿಗಳಿವೆ. ಮದ್ದಿನ ಕಂಪನಿಗಳು, ಗುಂಡಿನ ಕಂಪನಿಗಳು ತಮ್ಮ ಪ್ರಯೋಗಶಾಲೆಯಲ್ಲಿ ಹೊಡೆದು ನೋಡಿ ಕೋಷ್ಟಕ ಅಚ್ಚು ಹಾಕುತ್ತವೆ. ಒಂದು ಸಾಲಿನಲ್ಲಿ ಗುಂಡಿನ ತೂಕ, ಮದ್ದಿನ ಹೆಸರು, ಎಷ್ಟರಿಂದ ಶುರು ಮಾಡಬೇಕು, ಎಷ್ಟನ್ನು ದಾಟಬಾರದು, ಗುಂಡಿನ ವೇಗ, ಒಳಗಿನ ಒತ್ತಡ ಎಲ್ಲ ಇರುತ್ತವೆ. ಪುಟದ ಮೇಲ್ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಯಾವ ನಳಿಗೆ, ಎಷ್ಟು ಉದ್ದದ್ದು, ಯಾವ ಪ್ರೈಮರ್, ತೋಟಾದ ಒಟ್ಟು ಉದ್ದ ಎಷ್ಟು ಎಂದಿರುತ್ತದೆ. ಯಾರೂ ಓದದ ಆ ಸಣ್ಣ ಅಕ್ಷರದಲ್ಲೇ ಅರ್ಧ ಸತ್ಯ ಇರುವುದು.

ತೂಕ ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7,000 ಗ್ರೇನ್. ನಮ್ಮ ಲೆಕ್ಕಕ್ಕೆ ತಂದರೆ ಒಂದು ಗ್ರಾಮಿಗೆ ಸುಮಾರು ಹದಿನೈದೂವರೆ. ನಮ್ಮ ಅಕ್ಕಸಾಲಿಗರು ಹಿಂದೆ ತೂಗುತ್ತಿದ್ದ ಗುಲಗಂಜಿ ಒಂದು ಗ್ರಾಮಿನ ಎಂಟನೇ ಒಂದು ಭಾಗದಷ್ಟು, ಅಂದರೆ ಹೆಚ್ಚುಕಡಿಮೆ ಎರಡು ಗ್ರೇನ್. ಗುಲಗಂಜಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಷ್ಟು ಸಣ್ಣ ತೂಕಕ್ಕೆ ಇಷ್ಟು ಹೆದರಿಕೆ ಯಾಕೆ? ಹಳೆಯ ಕರಿಮದ್ದು ಸುತ್ತಲಿನ ಒತ್ತಡ ಏರಿದರೂ ಉರಿಯುವ ವೇಗವನ್ನು ಅಷ್ಟಾಗಿ ಬದಲಿಸುವುದಿಲ್ಲ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದನ್ನು ತಯಾರಿಸಿದರು. ಅದೇ ಜಾತಿಯದ್ದಾದ ಕಾರ್ಡೈಟನ್ನು ನಮ್ಮ ನೀಲಗಿರಿಯ ಅರುವಂಕಾಡಿನ ಕಾರ್ಖಾನೆಯಲ್ಲಿ ಬ್ರಿಟಿಷರ ಕಾಲದಿಂದ ಮಾಡಿಕೊಂಡು ಬಂದಿದ್ದಾರೆ. ಈ ಮದ್ದಿನ ಸ್ವಭಾವ ಬೇರೆ. ಒತ್ತಡ ಏರಿದಷ್ಟೂ ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಏರುತ್ತದೆ. ಹಾಗಾಗಿ ಮದ್ದು ಶೇಕಡ ಎಂಟರಷ್ಟು ಜಾಸ್ತಿಯಾದರೆ ಒತ್ತಡ ಶೇಕಡ ಎಂಟಕ್ಕೆ ನಿಲ್ಲುವುದಿಲ್ಲ, ಅದರ ಎರಡು ಪಟ್ಟಿಗೂ ಮೀರಿ ಹೋಗುತ್ತದೆ. ಅಮೆರಿಕದ ತಯಾರಕರು 1926ರಲ್ಲಿ ಕಟ್ಟಿಕೊಂಡ ಸ್ಯಾಮಿ ಎಂಬ ಸಂಸ್ಥೆ ಪ್ರತಿ ತೋಟಾಕ್ಕೂ ಒತ್ತಡದ ಮಿತಿ ಹಾಕಿದೆ. .308 ವಿಂಚೆಸ್ಟರ್ ಎಂಬ ಸಾಮಾನ್ಯ ರೈಫಲ್ ತೋಟಾಕ್ಕೆ ಆ ಮಿತಿ 62,000 ಪಿಎಸ್‌ಐ, ಅಂದರೆ ಚದರ ಅಂಗುಲಕ್ಕೆ ಅಷ್ಟು ಪೌಂಡ್. ಸಂಡೂರಿನಿಂದ ಅದಿರು ಹೊತ್ತು ಬರುವ ಲಾರಿಯ ಟೈರಿಗೆ ನೀವು ತುಂಬಿಸುವ ಗಾಳಿ ನೂರಹತ್ತೋ ನೂರಿಪ್ಪತ್ತೋ ಪಿಎಸ್‌ಐ. ಆ ಟೈರು ಸಿಡಿದಾಗ ಡಿಸ್ಕ್ ಹಾರಿದ್ದನ್ನು ಈ ಸಭೆಯಲ್ಲಿ ಕಂಡವರಿದ್ದೀರಿ. ಅದರ ಐನೂರು ಪಟ್ಟು ಒತ್ತಡ ಹೊಡೆಯುವವನ ಕೆನ್ನೆಯಿಂದ ಗೇಣು ದೂರದಲ್ಲಿ ಹುಟ್ಟುತ್ತದೆ. ಅದನ್ನು ತಡೆದಿರುವುದು ಒಂದು ಉಕ್ಕಿನ ಗೂಡು ಮತ್ತು ಪುಸ್ತಕದಲ್ಲಿ ಅಚ್ಚಾದ ಒಂದು ಅಂಕಿ.

ಈಗ ಪುಟಕ್ಕೆ ಬರೋಣ. ಒಂದೇ ಮದ್ದು, ಒಂದೇ ನಳಿಗೆ, ಆರು ತೂಕದ ಗುಂಡುಗಳು: 150, 155, 165, 168, 175, 180 ಗ್ರೇನ್. ಎದುರಿಗೆ ದಾಟಬಾರದ ಮದ್ದಿನ ತೂಕ: 46.0, 45.4, 44.2, 47.3, 43.0, 42.4.

ಮೊದಲು ಯಾವ ಲೆಕ್ಕವನ್ನೂ ಮಾಡಬೇಡಿ, ಬೆರಳು ಇಟ್ಟು ಮೇಲಿಂದ ಕೆಳಗೆ ಇಳಿಯಿರಿ. ಗುಂಡು ಭಾರವಾದಷ್ಟೂ ಜಾಗ ಬಿಟ್ಟು ಮುಂದೆ ಹೋಗಲು ತಡ ಮಾಡುತ್ತದೆ, ಒತ್ತಡ ಬೇಗ ಏರುತ್ತದೆ. ಆದ್ದರಿಂದ ಭಾರದ ಗುಂಡಿಗೆ ಮದ್ದು ಕಡಿಮೆ. ಅಂಕಿ ಇಳಿಯುತ್ತಾ ಬರಬೇಕು. ಇಳಿಯುತ್ತದೆ, ಇಳಿಯುತ್ತದೆ, 168ರ ಹತ್ತಿರ ತಟಕ್ಕನೆ ಮೇಲೆ ಹಾರುತ್ತದೆ, ಮತ್ತೆ ಇಳಿಯುತ್ತದೆ. ನನ್ನ ಹುಡುಗನ ಕಣ್ಣಿಗೆ ಬಿದ್ದದ್ದು ಅದೇ.

ಆ ಸಾಲೊಂದನ್ನೇ ಓದಿದರೆ ಏನೂ ತಪ್ಪು ಕಾಣುವುದಿಲ್ಲ. 47.3 ಎನ್ನುವುದು ಅಂಥ ತೋಟಾಕ್ಕೆ ಅಸಂಭವ ಎನಿಸುವ ಅಂಕಿಯಲ್ಲ, ಕೇಸಿನಲ್ಲಿ ಹಿಡಿಯುತ್ತದೆ ಕೂಡ. ಪಕ್ಕದವರ ಜೊತೆ ನಿಲ್ಲಿಸಿದಾಗಲೇ ಅದು ಸಿಕ್ಕಿಬೀಳುವುದು. ನಮ್ಮ ಬಳ್ಳಾರಿ ಕೋಟೆಯ ಕತೆ ನಿಮಗೆಲ್ಲ ಗೊತ್ತಿದೆ. ಹೈದರಾಲಿ ಒಬ್ಬ ಫ್ರೆಂಚ್ ಎಂಜಿನಿಯರ್ ಕೈಯಲ್ಲಿ ಕೋಟೆಯನ್ನು ಬಲಪಡಿಸಿದ. ಎಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಎಂದು ತಿಳಿಯಿತು. ಸಿಟ್ಟಿಗೆದ್ದ ಹೈದರಾಲಿ ಆ ಎಂಜಿನಿಯರ್‌ನನ್ನು ಪೂರ್ವದ ಬಾಗಿಲಲ್ಲಿ ಗಲ್ಲಿಗೆ ಹಾಕಿಸಿದ ಎಂದು ಹೇಳುತ್ತಾರೆ. ಕತೆ ಎಷ್ಟು ನಿಜವೋ, ನಾನು ಚಿಕ್ಕಂದಿನಿಂದ ಅದನ್ನು ಕೇಳುತ್ತ ಯೋಚಿಸಿದ್ದು ಒಂದೇ: ಆತ ಕಟ್ಟಿದ ಗೋಡೆಯಲ್ಲಿ ಒಂದು ಕಲ್ಲೂ ತಪ್ಪಾಗಿರಲಿಲ್ಲ, ಪಕ್ಕದ ಗುಡ್ಡವನ್ನು ಅಳೆದಿರಲಿಲ್ಲ ಅಷ್ಟೆ.

ಅಂಕಿ ತಪ್ಪು ಅನ್ನಿಸಿತು ಸರಿ, ಸರಿಯಾದದ್ದು ಯಾವುದಿರಬಹುದು? ಇಲ್ಲಿ ನನಗೆ ನೆರವಾದದ್ದು ನಮ್ಮ ಅಪ್ಪ. ಅವರು ರಾಯಚೂರಿನ ಹತ್ತಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಸುಗ್ಗಿಯ ದಿನಗಳಲ್ಲಿ ರಾತ್ರಿ ಹತ್ತರವರೆಗೆ ರೋಕಡಿ, ಖಾತೆ ತಾಳೆ ನೋಡುತ್ತಿದ್ದರು. ತಾಳೆ ಬೀಳದಿದ್ದರೆ ಎರಡು ಮೊತ್ತಗಳ ವ್ಯತ್ಯಾಸ ತೆಗೆದು ಮೊದಲು ಒಂಬತ್ತರಿಂದ ಭಾಗಿಸುತ್ತಿದ್ದರು. "ಒಂಬತ್ತರಾಗ ಭಾಗ ಹೋತಂದ್ರ ಎಲ್ಲೋ ಅಂಕಿ ಹಿಂದಮುಂದ ಬಿದ್ದಾವ ಅಂತ ತಿಳಿಯೋ ತಮ್ಮಾ" ಅನ್ನುತ್ತಿದ್ದರು. 437 ಬರೆಯುವ ಕಡೆ 473 ಬರೆದರೆ ವ್ಯತ್ಯಾಸ 36. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದಾಗ ವ್ಯತ್ಯಾಸ ಯಾವಾಗಲೂ ಒಂಬತ್ತರ ಗುಣಕ. ಯಾಕೆ ಎಂದು ನಾನು ಬೀಜಗಣಿತದಲ್ಲಿ ಕಲಿತದ್ದು ಆಮೇಲೆ, ಅವರು ಬಳಸಿದ್ದು ಮೊದಲು.

ನಾನು 47.3ರ ಕೊನೆಯ ಎರಡು ಅಂಕಿಗಳನ್ನು ಅದಲುಬದಲು ಮಾಡಿ ನೋಡಿದೆ. 43.7. ಮೇಲಿನ ಸಾಲು 44.2, ಕೆಳಗಿನದು 43.0. ನಡುವೆ ಕೂತೇಬಿಟ್ಟಿತು.

ಆದರೆ ಕೂತಿತು ಅಂದ ಮಾತ್ರಕ್ಕೆ ಸಾಬೀತಾಗುವುದಿಲ್ಲ. ನಮಗೆ ಬೇಕಾದ ಉತ್ತರ ಸಿಕ್ಕ ಕೂಡಲೇ ಪೆನ್ನು ಮುಚ್ಚುವುದು ಪರೀಕ್ಷೆಯಲ್ಲಿ ನನ್ನ ವಿದ್ಯಾರ್ಥಿಗಳು ಮಾಡುತ್ತಿದ್ದ ದೊಡ್ಡ ತಪ್ಪು. ಇನ್ನೊಂದು ದಾರಿಯಿಂದ ಬಂದು ಅದೇ ಜಾಗ ಮುಟ್ಟಬೇಕು. ಅದಕ್ಕೆ ವೇಗದ ಕಾಲಂ ಇತ್ತು. ಸೆಕೆಂಡಿಗೆ 2,820 ಅಡಿ, 2,775, 2,690, 2,670, 2,615, 2,570. ಇದು ಎಲ್ಲೂ ಹಾರದೆ ಇಳಿಯುತ್ತದೆ. 168ರ ಗುಂಡನ್ನು ತೆಗೆದುಕೊಳ್ಳಿ. ತೂಕ 10.89 ಗ್ರಾಂ, ವೇಗ ಸೆಕೆಂಡಿಗೆ 814 ಮೀಟರ್. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಸುಮಾರು 3,600 ಜೂಲ್ ಚಲನಶಕ್ತಿ. ಇದನ್ನು ಮದ್ದಿನ ತೂಕದಿಂದ ಭಾಗಿಸಿ: ಒಂದು ಗ್ರಾಂ ಮದ್ದು ಗುಂಡಿಗೆ ಎಷ್ಟು ಜೂಲ್ ಕೊಟ್ಟಿತು ಎಂದು ಬರುತ್ತದೆ. ಎಲ್ಲ ಸಾಲಿಗೂ ಮಾಡಿದೆ. 150ಕ್ಕೆ ಸುಮಾರು 1,205, 155ಕ್ಕೆ 1,220, 165ಕ್ಕೆ 1,255, 175ಕ್ಕೆ 1,290, 180ಕ್ಕೆ 1,300. ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ. ನಡುವಿನ 168ಕ್ಕೆ 47.3 ಹಾಕಿದರೆ 1,175. ಎಲ್ಲಕ್ಕಿಂತ ಕೆಳಗೆ ಬಿತ್ತು. 43.7 ಹಾಕಿದರೆ 1,270. ಮೆಟ್ಟಿಲ ಮೇಲೆ ನಿಂತಿತು.

ಹೊತ್ತು ಬೆಳಗಿನ ಮೂರು ಗಂಟೆ ಆಗಿತ್ತು. ನಾನು ಅವನಿಗೆ ಬರೆದೆ: "43.7 ಇರಬೇಕು ಎಂದು ನನ್ನ ಲೆಕ್ಕ. ಆದರೆ ನನ್ನ ಲೆಕ್ಕವನ್ನು ನಂಬಿ ತುಂಬಬೇಡಪ್ಪ. ಪ್ರಕಾಶಕರಿಗೆ ಬರಿ. ಉತ್ತರ ಬರುವವರೆಗೆ ಆ ಸಾಲನ್ನು ಮುಟ್ಟಬೇಡ." ಅಚ್ಚಿನ ತಪ್ಪನ್ನು ಹಿಡಿಯುವುದು ಬೇರೆ, ಸರಿಯಾದ ಅಂಕಿಯನ್ನು ಹೇಳುವ ಅಧಿಕಾರ ಬೇರೆ. ಹೊಡೆದು ಅಳೆದವರು ಅವರು, ನಾನಲ್ಲ.

47.3 ಮತ್ತು 43.7ರ ವ್ಯತ್ಯಾಸ 3.6 ಗ್ರೇನ್, ಅಂದರೆ 0.23 ಗ್ರಾಂ. ಎರಡು ಗುಲಗಂಜಿ. ನಿಮ್ಮ ಅಂಗೈಯಲ್ಲಿ ಇಟ್ಟರೆ ಭಾರ ತಿಳಿಯುವುದಿಲ್ಲ.

ಇದನ್ನೆಲ್ಲ ನಾನು ಇಷ್ಟು ಮನಸ್ಸಿಗೆ ಹಚ್ಚಿಕೊಂಡಿರುವುದಕ್ಕೆ ಕಾರಣ ಇದೆ. ಸಿರುಗುಪ್ಪದ ಹತ್ತಿರ ನನ್ನ ತಮ್ಮನ ಹೊಲ. ಒಂದು ವರ್ಷ ಮೆಣಸಿನ ಗಿಡಕ್ಕೆ ನುಸಿ ಬಿದ್ದು ಎಲೆ ಮುಟುರಿಕೊಂಡಿತ್ತು. ಅಂಗಡಿಯವರು ಔಷಧದ ಜೊತೆ ಒಂದು ಕರಪತ್ರ ಕೊಟ್ಟಿದ್ದರು, ಝೆರಾಕ್ಸಿನ ಝೆರಾಕ್ಸು. ತಮ್ಮನಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಊರಿಗೆ ಹೋಗಿದ್ದ ನಾನು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದೆ: "ಲೀಟರ್ ನೀರಿಗೆ ಇಪ್ಪತ್ತೈದು ಮಿಲಿ." ಅವನು "ಭಾಳಾತಲ್ಲಣ್ಣ?" ಅಂದ. ನಾನು "ಬರೆದಾರಲ್ಲೋ, ಇಲ್ಲೇ ಐತಿ" ಅಂದೆ. ಇದ್ದದ್ದು 2.5. ಚುಕ್ಕೆ ಝೆರಾಕ್ಸಿನಲ್ಲಿ ಹೋಗಿತ್ತು. ಡಬ್ಬಿಯ ಮೇಲೆ ಸರಿಯಾಗಿಯೇ ಅಚ್ಚಾಗಿತ್ತು, ನಾನು ಡಬ್ಬಿ ತಿರುಗಿಸಿ ನೋಡಲಿಲ್ಲ. ನಾಲ್ಕನೇ ದಿನಕ್ಕೆ ಎಲೆಯ ಅಂಚು ಕಂದಿತು, ವಾರಕ್ಕೆ ಹೂವೆಲ್ಲ ಉದುರಿತು. ಒಂದೂವರೆ ಎಕರೆ. ತಮ್ಮ ಇವತ್ತಿನವರೆಗೆ ನನಗೆ ಒಂದು ಮಾತು ಅಂದಿಲ್ಲ. ಗಣಿತದ ಮೇಷ್ಟ್ರು ಓದಿ ಹೇಳಿದ್ದಾನೆ ಎಂದು ಅವನು ನಂಬಿದ. ನಲವತ್ತು ವರ್ಷ ಹೊಲ ಮಾಡಿದವನ "ಭಾಳಾತಲ್ಲಣ್ಣ" ಎಂಬ ಮಾತು ನನ್ನ ಕೈಯಲ್ಲಿದ್ದ ಕಾಗದಕ್ಕಿಂತ ದೊಡ್ಡ ಸಾಕ್ಷಿಯಾಗಿತ್ತು. ನಾನು ಕಾಗದವನ್ನು ಆರಿಸಿಕೊಂಡೆ.

ಹೆಸರುಗಳಿಂದ ಆಗುವ ತಪ್ಪು ಇನ್ನೊಂದು ಬಗೆ. ಅಮೆರಿಕದಲ್ಲಿ 4831 ಎಂಬ ಸಂಖ್ಯೆಯ ಮದ್ದು ಎರಡಿವೆ: ಎಚ್ 4831 ಮತ್ತು ಐಎಂಆರ್ 4831. ಸಂಖ್ಯೆ ಒಂದೇ, ವಸ್ತು ಬೇರೆ. ಐಎಂಆರ್ ಬೇಗ ಉರಿಯುತ್ತದೆ. ಎಚ್‌ನ ಕೋಷ್ಟಕ ನೋಡಿ ಐಎಂಆರ್ ತುಂಬಿದರೆ ಒತ್ತಡ ಮಿತಿ ದಾಟಬಹುದು. ಇದಕ್ಕೆ ತದ್ವಿರುದ್ಧವೂ ಉಂಟು. ಎಚ್‌ಪಿ-38 ಮತ್ತು ವಿಂಚೆಸ್ಟರ್ 231 ಎಂದು ಬೇರೆ ಬೇರೆ ಡಬ್ಬಿಯಲ್ಲಿ ಮಾರುವುದು ಒಂದೇ ಮದ್ದು. ಹಾಗಾದರೆ ಯಾವುದು ಒಂದೇ, ಯಾವುದು ಬೇರೆ ಎಂದು ಹೇಗೆ ತಿಳಿಯುವುದು? ಹೆಸರಿನ ಹೋಲಿಕೆಯಿಂದಲ್ಲ, ತಯಾರಕರೇ ಹೇಳಿದ ಮಾತಿನಿಂದ. ರಾಯಚೂರು ಜಿಲ್ಲೆಯವರಿಗೆ ಮಸ್ಕಿಯನ್ನು ನೆನಪಿಸುತ್ತೇನೆ. ಬಂಡೆಗಳ ಮೇಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಸಿಗುತ್ತಿದ್ದವು. ಆ ಅರಸ ಅಶೋಕನೇ ಇರಬೇಕು ಎಂದು ವಿದ್ವಾಂಸರು ಬೇರೆ ಗ್ರಂಥಗಳಿಂದ ಊಹಿಸಿದ್ದರು. 1915ರಲ್ಲಿ ಮಸ್ಕಿಯ ಶಾಸನ ಸಿಕ್ಕಿತು, ಅದರಲ್ಲಿ ಬಿರುದಿನ ಜೊತೆಗೇ ಅಶೋಕ ಎಂಬ ಹೆಸರಿತ್ತು. ಅಲ್ಲಿಯವರೆಗೆ ಬಲವಾದ ಊಹೆ, ಅಲ್ಲಿಂದ ಮುಂದೆ ಕಲ್ಲಿನ ಮೇಲಿನ ಸಾಕ್ಷಿ. ಎರಡು ಹೆಸರನ್ನು ಒಂದೇ ಎನ್ನುವ ಮೊದಲು ನಮಗೊಂದು ಮಸ್ಕಿ ಬೇಕು.

ಎನ್‌ಸಿಸಿಯ ಹುಡುಗಿಯೊಬ್ಬಳು ಇಲ್ಲಿ ಕೈ ಎತ್ತಿ, "ಎರಡು ಪುಸ್ತಕದಲ್ಲಿ ಒಂದೇ ಅಂಕಿ ಇದ್ದರೆ ಸಾಕಲ್ಲ ಸರ್?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಸಾಕು, ಎರಡನೆಯ ಪುಸ್ತಕ ಮೊದಲನೆಯದನ್ನು ನೋಡಿ ಬರೆದಿರದಿದ್ದರೆ. ಲಾಗರಿದಮ್ ಕೋಷ್ಟಕಗಳ ಚರಿತ್ರೆಯೇ ಇದಕ್ಕೆ ಉತ್ತರ. ಆಡ್ರಿಯಾನ್ ವ್ಲಾಕ್ ಎಂಬ ಡಚ್ಚರು 1628ರಲ್ಲಿ ದೊಡ್ಡ ಕೋಷ್ಟಕವೊಂದನ್ನು ಅಚ್ಚು ಹಾಕಿಸಿದರು. ಅದರಲ್ಲಿದ್ದ ತಪ್ಪುಗಳು ಮುಂದೆ ಎಷ್ಟೋ ಕೋಷ್ಟಕಗಳಿಗೆ ಹಾಗೆಯೇ ಇಳಿದವು. ಹತ್ತು ಪುಸ್ತಕ ತೆರೆದರೂ ಹತ್ತರಲ್ಲೂ ಅದೇ ಅಂಕಿ. ಸಾಕ್ಷಿ ಹತ್ತು ಕಂಡರೂ ಇದ್ದದ್ದು ಒಂದೇ. 1821ರಲ್ಲಿ ಚಾರ್ಲ್ಸ್ ಬ್ಯಾಬೇಜ್ ಮತ್ತು ಜಾನ್ ಹರ್ಷೆಲ್ ಖಗೋಳ ಕೋಷ್ಟಕಗಳನ್ನು ತಾಳೆ ನೋಡುತ್ತ ತಪ್ಪುಗಳ ರಾಶಿಗೆ ಬೇಸತ್ತರು. ಲೆಕ್ಕ ಮಾಡಿ ಅಚ್ಚೂ ಹಾಕುವ ಯಂತ್ರದ ಯೋಚನೆ ಬ್ಯಾಬೇಜ್‌ಗೆ ಬಂದದ್ದು ಆ ಬೇಸರದಿಂದ. ಇವತ್ತು ನಿಮ್ಮ ಜೇಬಿನಲ್ಲಿರುವ ಫೋನಿನ ವಂಶವೃಕ್ಷದ ಬೇರಿನಲ್ಲಿ ಅಚ್ಚಿನ ತಪ್ಪುಗಳಿವೆ. ಆದ್ದರಿಂದ ಎರಡನೆಯ ಮೂಲ ಎಂದರೆ ಬೇರೆ ನಳಿಗೆಯಲ್ಲಿ, ಬೇರೆ ಕೈಯಿಂದ ಹೊಡೆದು ನೋಡಿದ್ದು. ಮದ್ದಿನ ಕಂಪನಿಯದ್ದೊಂದು, ಗುಂಡಿನ ಕಂಪನಿಯದ್ದೊಂದು ಇದ್ದರೆ ಒಳ್ಳೆಯದು.

ಹೀಗೆ ಎರಡು ಮೂಲ ಇಟ್ಟುಕೊಂಡಾಗ ಅವು ಸಾಮಾನ್ಯವಾಗಿ ಒಂದೇ ಅಂಕಿ ಹೇಳುವುದಿಲ್ಲ. ಹೊಸಬರು ಇಲ್ಲಿ ಗಾಬರಿಯಾಗುತ್ತಾರೆ. ಆದರೆ ಅರ್ಧ ಗ್ರೇನ್, ಒಂದು ಗ್ರೇನ್ ವ್ಯತ್ಯಾಸ ತಪ್ಪಲ್ಲ. ಒಬ್ಬರ ನಳಿಗೆ 24 ಅಂಗುಲ, ಇನ್ನೊಬ್ಬರದು 22. ಮದ್ದಿನ ಒಂದು ಬ್ಯಾಚಿಗೂ ಇನ್ನೊಂದಕ್ಕೂ ಸ್ವಲ್ಪ ವ್ಯತ್ಯಾಸ. ಒಂದೇ ತೂಕದ ಗುಂಡು ಕೂಡ ಸೀಸ ತುಂಬಿದ್ದಾದರೆ ಗಿಡ್ಡ, ಪೂರ್ತಿ ತಾಮ್ರದ್ದಾದರೆ ಉದ್ದ. ಉದ್ದದ್ದು ಕೇಸಿನೊಳಗೆ ಹೆಚ್ಚು ಇಳಿದು ಮದ್ದಿನ ಜಾಗ ತಿನ್ನುತ್ತದೆ, ಒತ್ತಡ ಏರುತ್ತದೆ. ಆದ್ದರಿಂದ ಎರಡರಲ್ಲಿ ಕಡಿಮೆ ಇದ್ದ ಅಂಕಿಯಿಂದ ಶುರು ಮಾಡಬೇಕು. ಶುರುವಿನ ಅಂಕಿಯೇ ಕೊಟ್ಟಿರದಿದ್ದರೆ ಗರಿಷ್ಠಕ್ಕಿಂತ ಶೇಕಡ ಹತ್ತು ಇಳಿಸಿ ಶುರು ಮಾಡಬೇಕು ಎನ್ನುವುದು ಅಲ್ಲಿನ ಹಳಬರ ರೂಢಿ.

ಒತ್ತಡದ ಕಾಲಂನಲ್ಲಿ ಇನ್ನೊಂದು ಕುಣಿಕೆ ಇದೆ. ಹಿಂದೆ ಒತ್ತಡ ಅಳೆಯಲು ತಾಮ್ರದ ಚಿಕ್ಕ ಗುಳಿಗೆಯೊಂದನ್ನು ನಳಿಗೆಗೆ ಹೊಂದಿಸಿ, ಹೊಡೆದ ಮೇಲೆ ಅದು ಎಷ್ಟು ಚಪ್ಪಟೆಯಾಯಿತು ಎಂದು ನೋಡುತ್ತಿದ್ದರು. ಅದರ ಅಳತೆಗೆ ಸಿಯುಪಿ ಎನ್ನುತ್ತಾರೆ. ಈಗ ಒತ್ತಡಕ್ಕೆ ವಿದ್ಯುತ್ ಹುಟ್ಟಿಸುವ ಸ್ಫಟಿಕ ಬಳಸಿ ಪಿಎಸ್‌ಐನಲ್ಲಿ ಹೇಳುತ್ತಾರೆ. ಅದೇ .308ಕ್ಕೆ ಹಳೆಯ ಪದ್ಧತಿಯಲ್ಲಿ ಮಿತಿ 52,000, ಹೊಸದರಲ್ಲಿ 62,000. ಎರಡೂ ಒಂದೇ ಗೆರೆ, ಅಳತೆಗೋಲು ಬೇರೆ. ಹಳೆಯ ಪುಸ್ತಕದಲ್ಲಿ 52,000 ಎಂದು ನೋಡಿ, "ಇನ್ನೂ ಹತ್ತು ಸಾವಿರ ಬಾಕಿ ಇದೆ" ಎಂದುಕೊಂಡು ಮದ್ದು ಏರಿಸಿದವನಿಗೆ ಬಾಕಿ ಏನೂ ಇರುವುದಿಲ್ಲ. ಒಂದನ್ನು ಇನ್ನೊಂದಕ್ಕೆ ಬದಲಿಸಲು ಎಲ್ಲ ತೋಟಾಕ್ಕೂ ಹೊಂದುವ ಸೂತ್ರವೂ ಇಲ್ಲ. ಅಂಕಿಯ ತಲೆಯ ಮೇಲೆ ಏನು ಬರೆದಿದೆ ಎಂದು ನೋಡದೆ ಅಂಕಿಯನ್ನು ಓದಲೇಬಾರದು. ಗ್ರೇನ್ ಮತ್ತು ಗ್ರಾಂ ಕೂಡ ಹಾಗೆಯೇ. ಇಂಗ್ಲಿಷಿನಲ್ಲಿ ಎರಡರ ಚುಟುಕು ರೂಪಕ್ಕೂ ಒಂದಕ್ಷರದ ವ್ಯತ್ಯಾಸ, ತೂಕದಲ್ಲಿ ಹದಿನೈದು ಪಟ್ಟು.

"ಅನುಮಾನ ಬಂದರೆ ಕಡಿಮೆ ಹಾಕಿದರಾಯ್ತು" ಎಂದು ಮುಂದಿನ ಸಾಲಿನಲ್ಲಿ ಕೂತ ಹಿರಿಯರು ಅಂದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಎಚ್ 110 ಎಂಬ ಮದ್ದಿಗೆ ತಯಾರಕರು ಬೇರೆಯೇ ಎಚ್ಚರಿಕೆ ಕೊಟ್ಟಿದ್ದಾರೆ: ಗರಿಷ್ಠಕ್ಕಿಂತ ಶೇಕಡ ಮೂರಕ್ಕಿಂತ ಹೆಚ್ಚು ಇಳಿಸಬೇಡಿ ಎಂದು. ತೀರ ಕಡಿಮೆಯಾದರೆ ಅದು ಸಮನಾಗಿ ಉರಿಯುವುದಿಲ್ಲ, ಗುಂಡು ನಳಿಗೆಯ ಮಧ್ಯದಲ್ಲೇ ನಿಲ್ಲಬಹುದು. ಅದು ಗೊತ್ತಾಗದೆ ಇನ್ನೊಂದು ಹೊಡೆದರೆ ನಳಿಗೆಯೇ ಸೀಳುತ್ತದೆ. ಹತ್ತು ಇಳಿಸುವ ಸಾಮಾನ್ಯ ನಿಯಮ ಇಲ್ಲಿ ಸುರಕ್ಷಿತವಲ್ಲ. ಅದಕ್ಕೇ ಕೋಷ್ಟಕದ ಜೊತೆಗಿನ ಟಿಪ್ಪಣಿಯನ್ನು ಕೋಷ್ಟಕದಷ್ಟೇ ಗೌರವದಿಂದ ಓದಬೇಕು.

ಜಾಸ್ತಿ ತುಂಬಿದರೆ ಕಣ್ಣಿಗೇ ಕಾಣುವುದಿಲ್ಲವೇ ಎಂದೂ ಕೇಳಿದರು. ಕೆಲವು ತೋಟಾಗಳಲ್ಲಿ ಕಾಣುತ್ತದೆ, ಉಕ್ಕಿ ಚೆಲ್ಲುತ್ತದೆ. ಆದರೆ .38 ಸ್ಪೆಷಲ್ ಎಂಬ ರಿವಾಲ್ವರ್ ತೋಟಾದ್ದು ಕರಿಮದ್ದಿನ ಕಾಲದ ದೊಡ್ಡ ಕೇಸು. ಈಗಿನ ಮದ್ದು ಅದರ ತಳದಲ್ಲಿ ಒಂದು ಚಿಟಿಕೆಯಷ್ಟು ಮಾತ್ರ. ಎರಡು ಸಲ ಹಾಕಿದರೂ ಜಾಗ ಉಳಿಯುತ್ತದೆ. ಬೆಳಕು ಹಿಡಿದು ಒಂದೊಂದನ್ನೂ ಇಣುಕಿ ನೋಡದೆ ಗುಂಡು ಕೂರಿಸುವುದಿಲ್ಲ ಎಂದು ನನ್ನ ಹುಡುಗ ಹೇಳುತ್ತಾನೆ.

ನಮ್ಮ ಊರಿಗೆ ಸೇರಿದ ಒಂದು ವಿಷಯ ಬಿಸಿಲು. ಆ ಕೋಷ್ಟಕಗಳೆಲ್ಲ ಇಪ್ಪತ್ತು ಡಿಗ್ರಿಯ ಆಸುಪಾಸಿನ ಕೋಣೆಯಲ್ಲಿ ಹೊಡೆದು ಬರೆದವು. ಮದ್ದು ಬಿಸಿಯಾದರೆ ಬೇಗ ಉರಿಯುತ್ತದೆ. ಬಳ್ಳಾರಿ, ರಾಯಚೂರಿನ ಮೇ ತಿಂಗಳಲ್ಲಿ ನೆರಳಲ್ಲೇ ನಲವತ್ತು ದಾಟುತ್ತದೆ, ಮುಚ್ಚಿದ ಜೀಪಿನ ಒಳಗಿನ ಮಾತು ಬೇಡ. ಟೆಕ್ಸಾಸ್ ಕೂಡ ಬಿಸಿಲ ನಾಡೇ. ಚಳಿಗಾಲದಲ್ಲಿ ಗರಿಷ್ಠದ ಅಂಚಿಗೆ ತುಂಬಿಟ್ಟ ತೋಟಾ ಬೇಸಿಗೆಯಲ್ಲಿ ಅಂಚು ದಾಟಿರುತ್ತದೆ, ಒಂದು ಕಾಳು ಮದ್ದೂ ಸೇರಿಸದೆ.

ಫೋನಿನಲ್ಲಿ ಕೇಳಿದರೆ ಎಲ್ಲ ಅಂಕಿಯೂ ಬರುತ್ತದಲ್ಲ ಎಂದು ಡಿಪ್ಲೊಮಾ ಹುಡುಗನೊಬ್ಬ ಹೇಳಿದ. ಬರುತ್ತದೆ. ಆ ಅಂಕಿಯನ್ನು ಯಾವ ನಳಿಗೆಯಲ್ಲಿ ಹೊಡೆದು ನೋಡಿದರು ಎಂದು ಮರುಪ್ರಶ್ನೆ ಹಾಕಪ್ಪ, ಮೂಲದ ಪುಟ ತೋರಿಸದಿದ್ದರೆ ಅಲ್ಲಿಗೇ ಬಿಟ್ಟುಬಿಡು ಎಂದೆ.

ಇಲ್ಲಿ ಕೂತವರಲ್ಲಿ ಹೆಚ್ಚಿನವರು ಬಂದೂಕು ಮುಟ್ಟುವವರಲ್ಲ, ಬ್ಲಾಸ್ಟಿಂಗ್ ಹತ್ತಿರ ಕೆಲಸ ಮಾಡುವವರು. ಸ್ಫೋಟಕದ ತೂಕ, ಕುಳಿಯ ಆಳ, ನಿಲ್ಲಬೇಕಾದ ದೂರ ಎಲ್ಲ ಯಾವುದೋ ಕಾಗದದಿಂದಲೇ ನಿಮ್ಮ ಕೈಗೆ ಬರುವುದು. ಆ ಕಾಗದ ಯಾರು ಸಹಿ ಮಾಡಿದ್ದು, ಯಾವ ವರ್ಷದ್ದು, ಮೂಲವೋ ಪ್ರತಿಯೋ? ಗೋಡೆಗೆ ಅಂಟಿಸಿದ್ದನ್ನು ಕೊನೆಯ ಸಲ ಮೂಲದ ಜೊತೆ ಇಟ್ಟು ಓದಿದ್ದು ಯಾವಾಗ? ಇಬ್ಬರು ಕೂತು ಓದಬೇಕು. ಒಬ್ಬ ಮೂಲವನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬ ಪ್ರತಿಯ ಮೇಲೆ ಬೆರಳು ಇಡಲಿ. "ನಲವತ್ಮೂರು ಚುಕ್ಕೆ ಏಳು" ಎಂದು ಚುಕ್ಕೆಯನ್ನೂ ಬಾಯಿಬಿಟ್ಟು ಓದಲಿ. ಹಳೆಯ ಮುದ್ರಣಾಲಯಗಳಲ್ಲಿ ಕರಡು ತಿದ್ದುತ್ತಿದ್ದದ್ದು ಹೀಗೆಯೇ. ಒಬ್ಬನೇ ಓದಿದರೆ ಕಣ್ಣು ಇರಬೇಕಾದ್ದನ್ನು ಓದುತ್ತದೆ, ಇರುವುದನ್ನಲ್ಲ. ತಪ್ಪು ಸಿಕ್ಕರೆ ನಿಮ್ಮ ಪ್ರತಿಯನ್ನು ಮಾತ್ರ ತಿದ್ದಿಕೊಂಡು ಸುಮ್ಮನಾಗಬೇಡಿ, ಕಾಗದ ಬಂದ ಕಡೆಗೆ ಬರೆಯಿರಿ. ಅದೇ ಕಾಗದ ಇನ್ನೊಂದು ಗಣಿಯ ಗೋಡೆಯ ಮೇಲೂ ಇರುತ್ತದೆ.

ನನ್ನ ವಿದ್ಯಾರ್ಥಿಗೆ ಪ್ರಕಾಶಕರ ಉತ್ತರ ಹನ್ನೊಂದನೇ ದಿನ ಬಂತು. 43.7. ತಪ್ಪು-ಒಪ್ಪುಗಳ ಪಟ್ಟಿಯಲ್ಲಿ ಸೇರಿಸುತ್ತೇವೆ ಎಂದಿದ್ದರು. ಅವನು ಪುಸ್ತಕದ ಆ ಪುಟದಲ್ಲಿ ಕೆಂಪು ಶಾಯಿಯಿಂದ ತಿದ್ದಿ, ಪತ್ರದ ಪ್ರತಿಯನ್ನು ಅಲ್ಲೇ ಅಂಟಿಸಿ ಫೋಟೊ ಕಳಿಸಿದ.

ಮಾತು ಮುಗಿದ ಮೇಲೆ ಸಂಡೂರಿನ ಕಡೆಯ ಕಾರ್ಮಿಕರೊಬ್ಬರು ಹತ್ತಿರ ಬಂದು ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದರು. ನಾಲ್ಕು ಮಡಿಕೆ, ಬೆವರಿಗೆ ಹಳದಿಯಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದೆವು. ಮೂರನೇ ಕಾಲಂನ ಒಂದು ಅಂಕಿಯ ಮೇಲೆಯೇ ಮಡಿಕೆ ಹಾದುಹೋಗಿತ್ತು. ಚುಕ್ಕೆ ಇತ್ತೋ, ಕಾಗದ ಸವೆದ ಗುರುತೋ ಇಬ್ಬರಿಗೂ ತಿಳಿಯಲಿಲ್ಲ. "ಮೂಲ ಎಲ್ಲಿದೆಯಪ್ಪ?" ಎಂದೆ. "ಆಫೀಸಿನಾಗ ಇರಬೇಕ್ ಸರ್, ನಾಳೆ ಬೆಳಿಗ್ಗೆನ ಕೇಳ್ತೀನಿ" ಅಂದರು. ಮರುದಿನ ಮಧ್ಯಾಹ್ನ ಅವರ ಫೋನ್ ಬಂತು. ಮೂಲ ಇನ್ನೂ ಸಿಕ್ಕಿಲ್ಲ, ಮೇಲಿನವರು ಹುಡುಕಿಸುತ್ತಿದ್ದಾರೆ, ಗೋಡೆಯ ಮೇಲಿನ ಪ್ರತಿಯಲ್ಲಿ ಆ ಸಾಲಿನ ಮೇಲೆ ಸದ್ಯಕ್ಕೆ ಬಿಳಿ ಕಾಗದ ಅಂಟಿಸಿದ್ದೇವೆ ಎಂದರು.